ಅಂಚು ಕತ್ತರಿಸಿದ ಕಾನೂನು

ಪಾರ್ಕಿನ ಬೆಂಚಿನ ಮೇಲೆ ಸೇಬು ಹೆಚ್ಚುತ್ತಿದ್ದ ಪುಸ್ತಕದ ಬೈಂಡರನನ್ನು ಪೊಲೀಸರು ಠಾಣೆಗೆ ಕರೆತಂದು, ‘ಹಲ್ಲೆ ಮಾಡುವ ಉದ್ದೇಶದಿಂದ ಆಯುಧ ಇಟ್ಟುಕೊಂಡಿದ್ದ’ ಎಂದು ಬರೆದರು. ಉಳಿದರ್ಧ ಸೇಬು ಅವನ ಜೇಬಿನಲ್ಲೇ ಇತ್ತು.

ಪರದೇಶದಲ್ಲಿದ್ದ ಅಕ್ಕನ ಮಗಳನ್ನು ನೋಡಿಹೋಗಲು ಬಂದವನು ಅವನು. ಮಡಚುವ ಆ ಚಾಕು, ಕೆಲಸ ಕಲಿಸಿದ ಅಕ್ಕ ಸಾಯುವ ಮುನ್ನ ಕೈಗಿಟ್ಟದ್ದು. ಅದನ್ನು ಬಿಟ್ಟು ಹೊರಡುವುದೆಂದರೆ ಹೆಬ್ಬೆರಳನ್ನು ಮನೆಯಲ್ಲಿಟ್ಟು ಬಂದಂತೆ.

ಹಾಗಂತ ಕಣ್ಣುಮುಚ್ಚಿಕೊಂಡೇನೂ ಬಂದಿರಲಿಲ್ಲ. ಬೈಂಡರುಗಳ ಸಂಘದ ಕಾರ್ಯದರ್ಶಿ. ‘ಓದದೆ ಎಲ್ಲೂ ಸಹಿ ಹಾಕಬೇಡಿ’ ಎಂದು ಇಪ್ಪತ್ತು ವರ್ಷ ಮೈಕು ಹಿಡಿದು ಗಂಟಲು ಹರಿದುಕೊಂಡವನು. ಈ ದೇಶದ ಚಾಕು ಕಾಯ್ದೆಯನ್ನು ಮೊದಲೇ ತರಿಸಿಕೊಂಡಿದ್ದ. ಆದರೆ ಬಿಡಿ ಹಾಳೆ ಓದುವುದು ಅವನ ಕಸುಬಿಗೇ ಅವಮಾನ. ಮೊದಲು ಹೊಲಿದು, ರಟ್ಟು ಹಾಕಿ, ಅಂಚು ಕೊಯ್ದು ನೇರ ಮಾಡಿ, ಆಮೇಲೆ ನಿಘಂಟು ಹಿಡಿದು ಓದಿದ್ದ. ಅಲಗು ಮೂರು ಇಂಚಿನೊಳಗಿರಬೇಕು, ಇತ್ತು. ಮಡಚುವಂತಿರಬೇಕು; ಇತ್ತು. ಇನ್ನೇನು!

ಈಗ ಆ ಪುಸ್ತಕವನ್ನು ಮಂತ್ರಿಗೆ ಮನವಿ ಕೊಡುವವನಂತೆ ಅಧಿಕಾರಿಯ ಮುಂದಿಟ್ಟ. ಅಧಿಕಾರಿ ತನ್ನ ಪ್ರತಿಯನ್ನು ಪಕ್ಕದಲ್ಲಿ ತೆರೆದು, ಏಳನೇ ಪುಟದ ಕೊನೆಯ ಸಾಲಿಗೆ ಬೆರಳಿಟ್ಟಳು. ಸುದ್ದಿ ತಿಳಿದು ಓಡಿಬಂದು ಇಬ್ಬರ ಮಾತನ್ನೂ ಅನುವಾದಿಸುತ್ತಿದ್ದ ಅಕ್ಕನ ಮಗಳು ಬಗ್ಗಿ ನೋಡಿದಳು.

“ಇದರ ಹಾಗೆ ಬಿಚ್ಚಿದ್ರೆ ಟಕ್ ಅಂತ ಬಿಗಿದು ನಿಲ್ಲೋ ಚಾಕುನ ಕೆಲಸಕ್ಕಲ್ಲದೆ ಹೊರಗೆ ತರಬಾರದಂತೆ, ಮಾಮ. ನಿಮ್ಮ ಪುಸ್ತಕದಲ್ಲಿ ಈ ಸಾಲೇ ಇಲ್ವಲ್ಲ?”

ಅವನು ನುಣುಪಾದ ಅಂಚನ್ನು ಸವರಿದ. ಅಕ್ಕ ಇದ್ದಿದ್ದರೆ ಬೆನ್ನು ತಟ್ಟುವಂಥ ಅಂಚು.

“ಒಂಚೂರು ಜಾಸ್ತಿ ತೆಗೆದುಬಿಟ್ಟೆ ಕಣೇ.”

“ಯಾವುದ್ರಲ್ಲಿ ತೆಗೆದ್ರಿ?”

ಅವನು ಮೇಜಿನ ಮೇಲಿದ್ದ ಚಾಕುವಿನತ್ತ ನೋಡಿದ. ಅವಳು ಹಣೆ ಚಚ್ಚಿಕೊಂಡಳು. ಅವಳಿಂದ ವಿಷಯ ತಿಳಿದ ಅಧಿಕಾರಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ನಗಲಿ. ಕಾನೂನಿನ ಬಾಲ ಕತ್ತರಿಸಿ, ಕಾನೂನೆಲ್ಲ ತನ್ನ ಕಡೆಗಿದೆ ಎಂದು ಬೀಗುತ್ತಿದ್ದವನಿಗೆ ಅಷ್ಟಾದರೂ ಆಗಬೇಡವೇ?

ನಕ್ಕ ಮೇಲೂ ಅಧಿಕಾರಿ ಬರೆದದ್ದನ್ನು ತಿದ್ದಲಿಲ್ಲ. ಕಾಗದವನ್ನೂ ಪೆನ್ನನ್ನೂ ಅವನತ್ತ ತಳ್ಳಿದಳು.

“ಸಹಿ ಹಾಕಿದ್ರೆ ಈಗ್ಲೇ ಬಿಡ್ತಾರಂತೆ,” ಎಂದಳು ಅಕ್ಕನ ಮಗಳು. “ಚಾಕು ಕರಗಿಸಿಬಿಡ್ತಾರೆ, ಅಷ್ಟೇ. ಇಲ್ದಿದ್ರೆ ಕೋರ್ಟು, ನಾಳೆ ವಿಮಾನಾನೂ ಹೋಯ್ತು. ಭಾಷಣ ಬೇಡ ಮಾಮ, ಇಲ್ಲಿ ಚಪ್ಪಾಳೆ ಹೊಡೆಯೋಕೆ ನಿಮ್ಮ ಸಂಘದವ್ರು ಯಾರೂ ಇಲ್ಲ.”

ಗಂಟಲಿಗೆ ಬಂದಿದ್ದ ಭಾಷಣವನ್ನು ಅವನು ನುಂಗಿದ. ಕಾಗದದ ಒಂದೊಂದೇ ಪದವನ್ನು ಅವಳಿಂದ ಕನ್ನಡದಲ್ಲಿ ಹೇಳಿಸಿಕೊಂಡು, ‘ಹಲ್ಲೆ’ ಎಂಬಲ್ಲಿ ಬೆರಳು ನಿಲ್ಲಿಸಿದ.

“ಇದರಲ್ಲೇ ರಟ್ಟು ಕೊಯ್ದು ನಿಮ್ಮಮ್ಮ ನಿನ್ನ ಓದಿಸಿದ್ದು.”

ಅವಳು ಚಾಕುವಿನತ್ತ ತಿರುಗಿದಳು.

“ಹೊರಗೆ ತಂದದ್ದು ತಪ್ಪು, ಅದನ್ನ ಬರೀಲಿ, ಎರಡು ಸಹಿ ಬೇಕಾದ್ರೂ ಹಾಕ್ತೀನಿ. ಯಾರಿಗೋ ಹೊಡೆಯೋಕೆ ತಂದೆ ಅಂದ್ರೆ ಮಾತ್ರ ಹಾಕಲ್ಲ. ಹಾಗೇ ಹೇಳು.”

ಹೇಳಿದಳು. ಅಧಿಕಾರಿ ಪೆನ್ನನ್ನು ಮತ್ತೆ ತಳ್ಳಿದಳು. ಅವನು ಅದರ ಮುಚ್ಚಳ ಹಾಕಿ, ಮೇಜಿನ ಆ ಕಡೆ ಇಟ್ಟ.