ಮಾಲ್‌ಸುನ್ ಅಜ್ಜಿಯ ಕಾಳಿನ ತವರು

ದಕ್ಷಿಣ ಕೊರಿಯಾದ ಹನ್ನೊಂದು ಬೀಜ ಸಂಗ್ರಹಗಳ ದಾಖಲೆಗಳನ್ನು ಒಂದೇ ದಾರಕ್ಕೆ ಪೋಣಿಸಿದವನು ನಾನು. ಜೊತೆಗೆ ಇನ್ನೂ ನಾಲ್ವರಿದ್ದರು, ನಿಜ. ಅವರು ಉಳಿದ ಚಿಲ್ಲರೆ ಕೆಲಸ ಮಾಡಿದರು. ಒಂದು ಸಂಗ್ರಹದವರು ಕಾಳನ್ನು ಬಣ್ಣದ ಹೆಸರಿನಿಂದ ಬರೆದಿಟ್ಟರೆ ಇನ್ನೊಂದರವರು ಬರೀ ಅಂಕಿಯಿಂದ ಬರೆದಿಟ್ಟಿದ್ದರು. ಒಂದರ ಮುಖ ಒಂದು ನೋಡದ ಆ ಹನ್ನೊಂದು ಪಟ್ಟಿಗಳು ಪರಸ್ಪರ ಮಾತಾಡುವಂತೆ ಮಾಡಿದ ಮೇಲೆ, ಈ ದೇಶದಲ್ಲಿ ಒಂದು ಸಾಸಿವೆ ಕಳೆದುಹೋಗಬೇಕಾದರೂ ನನ್ನ ಅಪ್ಪಣೆ ಬೇಕಿತ್ತು.

ಹೀಗೆ ಬೀಗುತ್ತಿದ್ದ ಜೂನ್ ತಿಂಗಳಲ್ಲಿ ಮಾಲ್‌ಸುನ್ ಅಜ್ಜಿ ನನ್ನ ಕಚೇರಿಗೆ ಬಂದಳು. ಎಂಬತ್ತೆರಡು ವಯಸ್ಸು, ಎತ್ತರ ನನ್ನ ಮೊಣಕೈವರೆಗೆ, ಬಾಯಿ ಮಾತ್ರ ಇಡೀ ಜಿಲ್ಲೆಯಷ್ಟು. ಜೊತೆಗೆ ನೆರೆಮನೆಯ ಮುದುಕಿ. ಹೋದ ವರ್ಷದ ನೆರೆಯಲ್ಲಿ ಅಜ್ಜಿಯ ಬೀಜದ ಗಡಿಗೆ ಕೊಚ್ಚಿಹೋಗಿತ್ತು. ಅದರಲ್ಲಿದ್ದದ್ದು ಅನ್ನಕ್ಕೆ ಹಾಕಿ ಬೇಯಿಸುವ ಹಸಿರು ಸೋಯಾಕಾಳು, ಹೊಟ್ಟೆಯ ಮೇಲೆ ಕಪ್ಪು ಮಚ್ಚೆಯದು. ಮೂವತ್ತೈದು ವರ್ಷದ ಹಿಂದೆ ಯಾರೋ ಬೀಜ ಸಂಗ್ರಹಿಸುವವನು ತಮ್ಮೂರು ದೊಲ್ಮೊರೆಗೆ ಬಂದು ಅದರ ಒಂದು ಹಿಡಿ ಒಯ್ದಿದ್ದನಂತೆ. ಅದು ವಾಪಸು ಬೇಕು, ಬಾರ್ಲಿ ಕಟಾವಾದ ಹೊಲಕ್ಕೆ ಹತ್ತು ದಿನದೊಳಗೆ ಬೀಳಬೇಕು.

ಮುಂದಿನ ವರ್ಷ ನೋಡೋಣವೇ ಎಂದು ನಾನು ಮೆಲ್ಲಗೆ ಕೇಳಿದೆ.

"ಮುಂದಿನ ವರ್ಷ ನಾನೇ ಮಣ್ಣೊಳಗಿದ್ರೆ ಬಿತ್ತೋರ್ಯಾರು ತಮ್ಮಾ, ನೀನಾ?"

ನಾನು ಕಣ್ಣು ಮಿಟುಕಿಸುವುದರೊಳಗೆ ಕೊಡುತ್ತೇನೆಂದು ಎದೆ ತಟ್ಟಿ, ಕಂಪ್ಯೂಟರಿನಲ್ಲಿ ದೊಲ್ಮೊರೆ ಎಂದು ಒತ್ತಿದೆ. ಹನ್ನೊಂದೂ ಕಡೆ ಇಲ್ಲ. ಜಿಲ್ಲೆ ಒತ್ತಿದೆ, ಮಚ್ಚೆ ಒತ್ತಿದೆ, ಸಂಗ್ರಹಿಸಿದ ವರ್ಷವನ್ನೂ ಒತ್ತಿದೆ. ಮಚ್ಚೆಯ ಕಾಳೇ ನಾನೂರು ಬಂದವು, ದೊಲ್ಮೊರೆಯದು ಒಂದೂ ಇಲ್ಲ. ನಾನು ಬೆವರಿದ ನೀರಲ್ಲಿ ಒಂದು ಗದ್ದೆ ನಾಟಿ ಮಾಡಬಹುದಿತ್ತು. ಇಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಒಂದು ಹಿಡಿ ಕಾಳಿಗೆ ಜಾಗ ಇಲ್ಲವೇ ಎಂದು ಅಜ್ಜಿ ಕಂಪ್ಯೂಟರನ್ನೇ ವಿಚಾರಿಸಿಕೊಂಡಳು. ಆಮೇಲೆ ಕಾಳು ತುಂಬಿಕೊಳ್ಳಲು ತಂದಿದ್ದ ಖಾಲಿ ಚೀಲವನ್ನು ಮಡಚಿಟ್ಟಳು.

ನೆರೆಮನೆಯವಳು ಅವಳ ತೋಳು ಹಿಡಿದಳು. "ಏಳೇ ಬಾಮ್‌ಗೊಲ್‌ನವಳೇ, ಬಸ್ಸು ತಪ್ಪುತ್ತೆ."

ನಮ್ಮ ಹಳ್ಳಿಗಳಲ್ಲಿ ಮದುವೆಯಾಗಿ ಬಂದವಳನ್ನು ಹೆಸರು ಹಿಡಿದು ಕರೆಯುವುದಿಲ್ಲ, ತವರೂರಿನ ಹೆಸರೇ ಅವಳ ಹೆಸರು. ಆ ಸಂಗ್ರಹಕಾರ ಇದು ಯಾರ ಕಾಳು ಎಂದು ಕೇಳಿರುತ್ತಾನೆ, ಊರವರು ಬಾಮ್‌ಗೊಲ್‌ನವಳದ್ದು ಎಂದಿರುತ್ತಾರೆ, ಪಟ್ಟಣದ ಹುಡುಗ ಅದನ್ನೇ ಬೆಳೆದ ಊರೆಂದು ಗೀಚಿರುತ್ತಾನೆ. ಬಾಮ್‌ಗೊಲ್ ಎಂದು ಒತ್ತಿದೆ. ದಕ್ಷಿಣದ ತುದಿಯ ಕಾಲೇಜೊಂದರ ಶೀತಲ ಕೋಣೆಯಲ್ಲಿ, ಯಾರೂ ಕಾಗದ ಬರೆದು ಕೇಳದ ಮೂಲೆಯಲ್ಲಿ, ಇನ್ನೂರು ಕಾಳು. ಹಸಿರು, ಹೊಟ್ಟೆಯ ಮೇಲೆ ಕಪ್ಪು ಮಚ್ಚೆ. ನಾನು ಕುರ್ಚಿಯಿಂದ ಹಾರಿದ ಎತ್ತರ ಹೇಳಿದರೆ ನೀವು ನಂಬುವುದಿಲ್ಲ.

ಐದನೆಯ ದಿನ, ಕಾಲೇಜಿನವರು ಕೊಟ್ಟ ಐವತ್ತು ಕಾಳಿನ ಪೊಟ್ಟಣ ಹಿಡಿದು ನಾನೇ ದೊಲ್ಮೊರೆಗೆ ಹೋದೆ. ಅಜ್ಜಿ ಒಂದನ್ನು ಬಾಯಿಗೆ ಹಾಕಿಕೊಂಡು ಉಳಿದಿದ್ದ ನಾಲ್ಕು ಹಲ್ಲಿನಿಂದ ಕಡಿದಳು. ನನ್ನ ಜೀವವೇ ಹೋಯಿತು. ಅವಳು ಬಹಳ ಹೊತ್ತು ಅಗಿದು, ಅದೇ ಕಾಳು, ಹೌದು ಎಂದು ತಲೆಯಾಡಿಸಿದಳು.

ದಾಖಲೆಯ ತಪ್ಪು ತಿದ್ದಿ ದೊಲ್ಮೊರೆ ಎಂದು ಬರೆಯುತ್ತೇನೆಂದು ಹೇಳಿದೆ.

"ತಪ್ಪೆಲ್ಲಿದೆ? ಮದುವೆ ದಿನ ಅಮ್ಮ ನನ್ನ ಬಟ್ಟೆ ಗಂಟಿನೊಳಗೆ ಕಟ್ಟಿ ಕಳಿಸಿದ್ಳು ಇದನ್ನ. ಇದೂ ಬಾಮ್‌ಗೊಲ್‌ನವಳೇ."

ಮೊದಲೇ ಹೇಳಬಾರದಿತ್ತೇ ಎಂದೆ.

"ನೀನು ಕೇಳ್ದೆಯಾ?" ಎಂದು ಅಜ್ಜಿ ನನ್ನ ಕೈಗೆ ಗುದ್ದಲಿ ಕೊಟ್ಟಳು. ನಲವತ್ತೊಂಬತ್ತು ಗುಣಿಗಳನ್ನು ಒಬ್ಬನೇ ತೋಡಿದೆ. ಒಂದೊಂದೂ ಬಾವಿಯಷ್ಟು ಆಳ. ಅವಳು ಹಿಂದೆಯೇ ಬಗ್ಗಿ, ಒಂದೊಂದು ಕಾಳು ಇಟ್ಟು ಅಂಗೈಯಿಂದ ಮಣ್ಣು ಮುಚ್ಚುತ್ತ ಬಂದಳು.