ಉಗ್ರಾಣದ ಭಾವ

ನನ್ನ ಭಾವ ಮನೆಯೊಳಗೆ ಕಾಲೆತ್ತಿ ನಡೆದದ್ದನ್ನು ಈಚಿನ ಐದು ವರ್ಷಗಳಲ್ಲಿ ಕಂಡವರಿಲ್ಲ. ಎರಡೂ ಪಾದಗಳನ್ನು ನೆಲಕ್ಕೆ ಅಂಟಿಸಿಕೊಂಡು, ಮಂಡಿಯನ್ನು ತುಸುವೇ ಬಗ್ಗಿಸಿ, ಸರ್ರ್ ಸರ್ರ್ ಎಂದು ಜಾರಿಕೊಂಡೇ ಹಜಾರದಿಂದ ಅಡುಗೆಮನೆಗೂ ಅಡುಗೆಮನೆಯಿಂದ ಬಚ್ಚಲಿಗೂ ಸಂಚರಿಸುವ ಅವರ ಆ ವಿಶಿಷ್ಟ ಗತಿಗೆ ಮೂಲಕಾರಣ ಒಂದು ಪ್ಲಾಸ್ಟಿಕ್ ತುಂಡು. ಮಗಳು ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಮನೆ ಕಟ್ಟುವ ಆಟಿಕೆಯ ಚೌಕವೊಂದರ ಮೇಲೆ ಬರಿಗಾಲಿನಲ್ಲಿ ಪೂರ್ಣ ದೇಹಭಾರವನ್ನು ಊರಿದ ಭಾವ, ಆ ಕ್ಷಣ ಎಷ್ಟು ಎತ್ತರಕ್ಕೆ ನೆಗೆದರೆಂಬ ವಿಷಯದಲ್ಲಿ ಅಕ್ಕನಿಗೂ ಅವರಿಗೂ ಇಂದಿಗೂ ಒಮ್ಮತವಿಲ್ಲ. "ಕಾಲು ಎತ್ತಿದ್ರೆ ತಾನೇ ಇಡಬೇಕು? ಎತ್ತೋದೇ ಇಲ್ಲ. ಅಷ್ಟೇ ವಿಷಯ," ಎಂದು ಅಂದೇ ತೀರ್ಮಾನಿಸಿಬಿಟ್ಟರು. ಅಭ್ಯಾಸಬಲ ನೋಡಿ, ಬೀದಿಯಲ್ಲೂ ಹಾಗೇ ಜಾರುತ್ತಾರೆ. ತರಕಾರಿಯವನು ಒಮ್ಮೆ "ಸಾರ್, ಮಂಡಿ ನೋವಾ?" ಎಂದು ಕೇಳಿ ಒಳ್ಳೆಯ ಎಣ್ಣೆಯೊಂದರ ಹೆಸರು ಹೇಳಿ ಕಳಿಸಿದ್ದ.

ಅವರದು ಬಸ್ ಡಿಪೋದ ಬಿಡಿಭಾಗಗಳ ಉಗ್ರಾಣ ನೋಡಿಕೊಳ್ಳುವ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ಬೆಳಿಗ್ಗೆ ಒಂಬತ್ತು ಹೊಡೆಯುವುದಕ್ಕೂ ಭಾವ ಬಾಗಿಲು ತೆರೆಯುವುದಕ್ಕೂ ಒಂದು ನಿಮಿಷದ ಅಂತರ ಬಿದ್ದದ್ದಿಲ್ಲವೆಂಬುದು ಆ ಸಾತ್ವಿಕ ಜೀವದ ಏಕೈಕ ಅಹಂಕಾರ. ಇಂಥವರಿಗೆ ವಿಧಿ ಕರುಣಿಸಿದ್ದು ಎರಡು ಮಕ್ಕಳನ್ನು: ಆರು ವರ್ಷದ ಪುಟ್ಟಿ, ಮೂರು ತುಂಬಿದ ಗುಂಡ. ಅಕ್ಕ ಶಾಲೆಯ ಟೀಚರು. ಹಗಲೆಲ್ಲ ನಲವತ್ತು ಮಕ್ಕಳ ಮಧ್ಯೆ ಇದ್ದು ಬಂದವಳಿಗೆ ಎರಡು ಮಕ್ಕಳು ಹರಡಿದ್ದೆಲ್ಲ ಕಣ್ಣಿಗೇ ಬೀಳುವುದಿಲ್ಲ. ಹೀಗಾಗಿ ಮನೆಯನ್ನು ಒಪ್ಪವಾಗಿಡುವ ಭಾರ ಭಾವನ ಪಾಲಿಗೆ ಬಂತು. ಬಂತೆನ್ನುವುದಕ್ಕಿಂತ, ಅವರೇ ಹೋಗಿ ಹೊತ್ತುಕೊಂಡರು.

ಈ ಕೈಂಕರ್ಯಕ್ಕೆ ಅವರಿಗೊಂದು ಸಮವಸ್ತ್ರವೂ ಉಂಟು: ಡಿಪೋದ ಹಳೆಯ ನೀಲಿ ಕೋಟು, ಆರು ಜೇಬಿನದು. ಸಂಜೆ ಮನೆಗೆ ಬಂದು ಅದನ್ನು ತೊಟ್ಟರೆಂದರೆ ನೆಲದ ಮೇಲೆ ಸಿಕ್ಕಿದ್ದೆಲ್ಲ ಜೇಬು ಸೇರಬೇಕು. ಗೊಂಬೆಯ ತೋಳು, ಮೊಂಡು ಪೆನ್ಸಿಲು, ಒಂಟಿ ಕಾಲುಚೀಲ, ಅರ್ಧ ಕಚ್ಚಿದ ಬಿಸ್ಕತ್ತು. ಗಲಗಲ ಸದ್ದು ಮಾಡುತ್ತ ಹಜಾರದ ತುಂಬ ಜಾರಾಡಿ, ಒಂದೊಂದನ್ನೂ ಬೆಳಕಿಗೆ ಹಿಡಿದು, "ಇದರ ಮನೆ ಎಲ್ಲಿ? ಪಾಪ, ಬೀದಿಗೆ ಬಿದ್ದಿದೆ. ಮನೆಗೆ ಕಳಿಸಿ," ಎಂದು ಮಕ್ಕಳಿಗೆ ಬೋಧಿಸುವರು. ಮಕ್ಕಳು ಕೇಳಿಸಿಕೊಳ್ಳುತ್ತಿದ್ದರೋ ಇಲ್ಲವೋ ದೇವರಿಗೇ ಗೊತ್ತು. "ನನ್ನ ಮಾತು ಈ ಮನೇಲಿ ಯಾರ ಕಿವಿಗೂ ಬೀಳಲ್ಲ," ಎಂಬುದು ಅವರ ನಿತ್ಯದ ಗೊಣಗಾಟ. ಅಕ್ಕ ನೋಟ್‌ಬುಕ್ಕು ತಿದ್ದುತ್ತ ತಲೆ ಎತ್ತದೆ, "ಇದು ಮನೆ ರೀ, ಡಿಪೋ ಅಲ್ಲ," ಎನ್ನುವಳು.

ನನ್ನ ಬಾಡಿಗೆ ಮನೆಯ ಚಾವಣಿ ರಿಪೇರಿಗೆ ಬಂದದ್ದರಿಂದ ಒಂದು ತಿಂಗಳು ನಾನು ಅಲ್ಲಿದ್ದೆ. ಸಕ್ಕರೆ ಡಬ್ಬಕ್ಕೆ 'ಸಕ್ಕರೆ', ಪೊರಕೆ ನೇತುಹಾಕುವ ಮೊಳೆಗೆ 'ಪೊರಕೆ' ಎಂದು ಚೀಟಿ ಅಂಟಿಸಿದ್ದ ಆ ಮನೆಯಲ್ಲಿ ಮೊದಲ ದಿನವೇ ನನ್ನ ಮಂಚಕ್ಕೂ ಒಂದು ಚೀಟಿ ಬಿತ್ತು: 'ಮಾಮ — ತಾತ್ಕಾಲಿಕ.' ನನಗೆ ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ. ಆದರೆ ಆಗತಾನೇ ಅಕ್ಷರ ಕಲಿತ ಪುಟ್ಟಿ ಅದೇ ವಾರ ಸೇಡು ತೀರಿಸಿದಳು. ಕೆಲಸಕ್ಕೆ ಹೊರಟ ಭಾವನ ಅಂಗಿಯ ಬೆನ್ನಿಗೆ 'ಅಪ್ಪ' ಎಂಬ ಚೀಟಿ ಮೆತ್ತಿಬಿಟ್ಟಳು. ಅದನ್ನು ಹೊತ್ತುಕೊಂಡೇ ಭಾವ ಇಡೀ ದಿನ ಡಿಪೋ ಸುತ್ತಿ ಬಂದರು. ಸಂಜೆ ವಿಷಯ ತಿಳಿದಾಗ ರೇಗುತ್ತಾರೆಂದುಕೊಂಡೆ. ಚೀಟಿಯನ್ನು ಹುಷಾರಾಗಿ ಬಿಡಿಸಿ, ಮನೆಯ ಕೋಟಿನ ಎದೆಗೆ ಅಂಟಿಸಿ, ಎದ್ದಿದ್ದ ಮೂಲೆಗೆ ಚೂರು ಗೋಂದು ಹಚ್ಚಿ ಒತ್ತಿದರು.

ಓದು ಬಾರದ ಗುಂಡನಿಗಾಗಿ ಅವರು ಹೊಸದೊಂದು ವ್ಯವಸ್ಥೆ ಮಾಡಿದ್ದರು. ನಾಲ್ಕು ಡಬ್ಬಗಳ ಮೇಲೆ ಬಣ್ಣದ ಚುಕ್ಕೆ: ಕೆಂಪು ಚುಕ್ಕೆಯದು ಗಾಡಿಗಳಿಗೆ, ಹಸಿರಿನದು ಪ್ರಾಣಿಗಳಿಗೆ, ನೀಲಿಯದು ಮನೆ ಕಟ್ಟುವ ಚೌಕಗಳಿಗೆ, ಹಳದಿಯದು ಚಿಲ್ಲರೆ ಸಾಮಾನಿಗೆ. ಒಂದು ಭಾನುವಾರವೆಲ್ಲ ಕೂತು ಮಗನಿಗೆ ವಿವರಿಸಿದರು. ಮಗ ಬೆರಳು ಚೀಪುತ್ತ ಕೇಳಿದ. ಅಂದಿನಿಂದ ಪವಾಡವೇ ನಡೆಯಿತು: ದಿನವೂ ನೆಲ ಖಾಲಿ, ಡಬ್ಬಗಳಿಗೆ ಮುಚ್ಚಳ. ಭಾವ ಸಂಜೆಗೊಮ್ಮೆ ನೆಲ ನೋಡಿ, ಮುಚ್ಚಳ ನೋಡಿ, ತೃಪ್ತಿಯಿಂದ ಉಸಿರು ಬಿಡುವರು. ಡಿಪೋದಲ್ಲಿ ಒಂದೊಂದು ವಾಷರನ್ನೂ ಎಣಿಸುವ ಮನುಷ್ಯ ಮನೆಯ ಡಬ್ಬದ ಮುಚ್ಚಳ ತೆಗೆದು ಒಳಗೆ ಇಣುಕಲಿಲ್ಲ.

ಹತ್ತು ದಿನ ಕಳೆದಿರಬೇಕು. ಬುಧವಾರ ಬೆಳಿಗ್ಗೆ ಎಂಟಕ್ಕೆ ಭಾವ ಬಾಗಿಲ ಪಕ್ಕದ 'ಕೀಲಿ' ಎಂಬ ಚೀಟಿಯ ಕೆಳಗಿನ ಮೊಳೆಗೆ ಕೈಚಾಚಿದರು. ಮೊಳೆ ಮಾತ್ರ ಇತ್ತು. ಉಗ್ರಾಣದ ಕೀಲಿ ಇರಲಿಲ್ಲ.

ಅದರ ಜೋಡಿ ಕೀಲಿ ಇರುವುದು ಕೇಂದ್ರ ಕಚೇರಿಯಲ್ಲಿ, ಮೊಹರಿನೊಳಗೆ. ಅದು ಬೇಕಾದರೆ 'ನನ್ನಿಂದ ಕೀಲಿ ಕಳೆದಿದೆ' ಎಂದು ಬರೆದುಕೊಡಬೇಕು. ಹಾಗೆ ಬರೆದುಕೊಟ್ಟವರು ಮತ್ತೆ ಉಗ್ರಾಣದ ಹೊಸ್ತಿಲು ತುಳಿಯುವಂತಿಲ್ಲ. ಹತ್ತು ವರ್ಷದ ಹಿಂದೆ ಯಾರೋ ಸಹೋದ್ಯೋಗಿ ಕೀಲಿ ಕಳೆದಾಗ ಈ ಕಠೋರ ನಿಯಮವನ್ನು ಸೂಚಿಸಿದವರು ಬೇರೆ ಯಾರೂ ಅಲ್ಲ, ನಮ್ಮ ಭಾವನೇ.

ಹಾಸಿಗೆ ಮಗುಚಿದರು, ಹಿಟ್ಟಿನ ಡಬ್ಬಕ್ಕೆ ಕೈ ಹಾಕಿದರು, ಕೋಟಿನ ಆರೂ ಜೇಬುಗಳನ್ನು ಹೊರಕ್ಕೆಳೆದರು. ಹಿಂದಿನ ಸಂಜೆ ಕೀಲಿಯನ್ನು ಮೊಳೆಗೆ ಹಾಕದೆ ಆರನೆಯ ಜೇಬಿಗೆ ಇಳಿಬಿಟ್ಟದ್ದು ಆಗ ನೆನಪಾಯಿತು; ಆ ಜೇಬಿನ ಹೊಲಿಗೆ ಬಿಚ್ಚಿರುವುದು ಈಗಷ್ಟೇ ಕಂಡಿತು. ಅಂದರೆ ನೆಲದ ಮೇಲೆ ಸಾಮಾನು ಬೀಳಿಸಿದವರು, ಅಯ್ಯೋ ರಾಮ, ಸ್ವತಃ ಭಾವ! ಪುಟ್ಟಿ ಸೊಂಟಕ್ಕೆ ಕೈಯಿಟ್ಟು ಎದುರು ನಿಂತಳು. "ಅಪ್ಪ, ಕೊನೇ ಸಲ ಎಲ್ಲಿ ನೋಡಿದ್ದು? ಅಳಬೇಡ, ನಿಧಾನವಾಗಿ ಯೋಚನೆ ಮಾಡಿ ಹೇಳು." ದಿನವೂ ಅವರು ಅವಳಿಗೆ ಹೇಳುವ ಮಾತೇ, ಅಕ್ಷರ ಆಚೀಚೆಯಾಗದೆ. ನನಗೆ ನಗು ಉಕ್ಕಿಬಂತು. ಭಾವನ ಮುಖ ನೋಡಿದೆ. ಬಗ್ಗಿ ಮಂಚದಡಿ ಹುಡುಕತೊಡಗಿದೆ.

ಎಂಟೂಮುಕ್ಕಾಲಿಗೆ ಅವರು ಮೇಜಿನ ಮುಂದೆ ಕೂತು ಹಾಳೆ ಎಳೆದುಕೊಂಡರು. ಅಕ್ಕ ಮೊದಲ ಬಾರಿಗೆ ನೋಟ್‌ಬುಕ್ಕು ಕೆಳಗಿಟ್ಟು, "ಇನ್ನೊಂದು ಸಲ ಹುಡುಕೋಣ ರೀ," ಎಂದಳು. "ಬೇಡ ಬಿಡು," ಎಂದರು ಭಾವ. 'ಅಷ್ಟೇ ವಿಷಯ' ಎಂಬ ಬಾಲಂಗೋಚಿ ಇಲ್ಲದ ತೀರ್ಮಾನವನ್ನು ಅವರ ಬಾಯಿಂದ ಕೇಳಿದ್ದು ಅದೇ ಮೊದಲು.

ಪೆನ್ನು ಬಿಚ್ಚಿದರು. ಅದರ ಕೆಂಪು ಮುಚ್ಚಳ ಉರುಳಿ ನೆಲಕ್ಕೆ ಬಿತ್ತು. ಮೂಲೆಯಲ್ಲಿದ್ದ ಗುಂಡ ಎದ್ದು ಬಂದು ಅದನ್ನೆತ್ತಿಕೊಂಡ. "ಪಾಪ, ಬೀದಿಗೆ ಬಿತ್ತು. ಮನೆಗೆ ಕಳಿಸ್ತೀನಿ," ಎನ್ನುತ್ತ ಸರ್ರ್ ಸರ್ರ್ ಎಂದು ಪಾದ ಜಾರಿಸಿಕೊಂಡು ಹೋಗಿ ಕೆಂಪು ಚುಕ್ಕೆಯ ಡಬ್ಬಕ್ಕೆ ಹಾಕಿದ.

"ಲೋ, ಅದು ಗಾಡಿ ಡಬ್ಬ ಕಣೋ," ಎಂದರು ಭಾವ, ಬತ್ತಿದ ದನಿಯಲ್ಲಿ.

ಗುಂಡ ತಂದೆಯನ್ನು ಕನಿಕರದಿಂದ ನೋಡಿ ಚುಕ್ಕೆಯ ಮೇಲೆ ಬೆರಳಿಟ್ಟ. "ಕೆಂಪು."

ಕೀಲಿಗೆ ಕಟ್ಟಿದ್ದ ಬಿಲ್ಲೆಯೂ ಕೆಂಪೇ. ಭಾವ ಎದ್ದರು, ಐದು ವರ್ಷಗಳ ಪ್ರತಿಜ್ಞೆ ಮುರಿದು, ಕಾಲನ್ನು ಮಂಡಿಯುದ್ದ ಎತ್ತಿ ಎತ್ತಿ ಓಡಿದರು. ದಾರಿಯಲ್ಲಿ ಗುಂಡನ ಕೈತಪ್ಪಿ ಉಳಿದಿದ್ದ ಒಂದೇ ಒಂದು ಪ್ಲಾಸ್ಟಿಕ್ ಚೌಕದ ಮೇಲೆ ಕಾಲಿಟ್ಟರು. ಅದರ ಪರಿವೆಯೂ ಅವರಿಗಾಗಲಿಲ್ಲ.

ಡಬ್ಬ ಮಗುಚಿದಾಗ ಉರುಳಿದ್ದು ಕೆಂಪು ಕಾರು, ಕೆಂಪು ಕಾಲುಚೀಲ, ಸುಕ್ಕುಗಟ್ಟಿದ ಒಂದು ಟೊಮೇಟೊ, ಯಾರೋ ಕದ್ದರೆಂದು ಅಕ್ಕ ಶಾಲೆಯಲ್ಲಿ ರಂಪ ಮಾಡಿದ್ದ ತಿದ್ದುವ ಪೆನ್ನು, ನಾಲ್ಕು ದಿನದಿಂದ ಕಾಣದ ನನ್ನ ಹಲ್ಲುಜ್ಜುವ ಬ್ರಷ್ಷು, ಎಲ್ಲದರಡಿಯಲ್ಲಿ ಕೀಲಿ. ಹೊರಡುವುದು ಬಿಟ್ಟು ಭಾವ ಉಳಿದ ಮೂರು ಡಬ್ಬಗಳನ್ನೂ ತೆರೆದು ನೆಲದಲ್ಲೇ ಕೂತರು. ಹಸಿರಿನಲ್ಲಿ ಹಸಿರು, ನೀಲಿಯಲ್ಲಿ ನೀಲಿ, ಹಳದಿಯಲ್ಲಿ ಹಳದಿ. "ಒಂದೂ ತಪ್ಪಿಲ್ಲ ಕಣಯ್ಯಾ," ಎಂದರು ನನ್ನತ್ತ ತಿರುಗಿ. ಅವರ ಕಣ್ಣು ತುಂಬಿತ್ತು. "ರೀ, ಡಿಪೋ!" ಎಂದು ಅಕ್ಕ ಕೂಗಿದ ಮೇಲೆಯೇ ಎದ್ದದ್ದು.

ಅಂದು ಉಗ್ರಾಣ ತೆರೆದದ್ದು ಹದಿನೇಳು ನಿಮಿಷ ತಡವಾಗಿ. ಡಿಪೋದ ಹಾಜರಿ ಪುಸ್ತಕದಲ್ಲಿ ಕಾರಣ ಬರೆದರಂತೆ: 'ಕೀಲಿ ಅದರ ಸ್ಥಾನದಲ್ಲೇ ಇತ್ತು. ನನಗೆ ತಿಳಿದಿರಲಿಲ್ಲ.' ಸಂಜೆ ಬಂದವರು ಮೊಳೆಯ ಮೇಲಿನ ಚೀಟಿ ಕಿತ್ತು, ಗುಂಡನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೀಲಿ ಚಾಚಿ ಕೇಳಿದರು: "ಇದರ ಮನೆ ಎಲ್ಲಿ?" ಗುಂಡ ಬಿಲ್ಲೆಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ, ಕೀಲಿಯನ್ನು ಕೆಂಪು ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದ. "ಅಷ್ಟೇ ವಿಷಯ."

ಮನೆಯನ್ನು ಒಪ್ಪವಾಗಿಡಲು ಹೆಣಗುವ ಈ ವರ್ಗದ ಜನರನ್ನು ನಾವು ಗೇಲಿ ಮಾಡುತ್ತೇವೆ. ಅವರು ಎತ್ತಿಟ್ಟ ಕತ್ತರಿ ಬೇಕಾದಾಗ ಅವರನ್ನೇ ಕರೆಯುತ್ತೇವೆ. ಯಾವುದೂ ಕಳೆಯಬಾರದು, ಕಳೆದುಕೊಂಡು ಯಾರೂ ಅಳಬಾರದು ಎಂಬ ಒಂದೇ ಹಟದಲ್ಲಿ ಅವರ ಆಯುಷ್ಯ ಸವೆಯುತ್ತದೆ. ತಮ್ಮ ಮಾತು ಯಾರ ಕಿವಿಗೂ ಬೀಳುತ್ತಿಲ್ಲವೆಂದು ಬದುಕಿಡೀ ಕೊರಗುವ ಇವರಿಗೆ, ಒಂದು ಪುಟ್ಟ ಜೀವ ಅದನ್ನೆಲ್ಲ ಮೊದಲಿನಿಂದಲೂ ಕೇಳಿಸಿಕೊಳ್ಳುತ್ತಲೇ ಇತ್ತೆಂದು ತಿಳಿದ ದಿನ ಏನು ಮಾಡಬೇಕೆಂದೇ ತೋಚುವುದಿಲ್ಲ.