ಹೂವಲ್ಲದ ಹೂವಿಗೆ ನಾಮಕರಣ

ಬೆಂಗ್ಕುಲು ಸೀಮೆಯ ಗುಡ್ಡದಲ್ಲಿ ಹೆಣಹೂವು ಮೊಗ್ಗು ಬಿಟ್ಟಿದೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಪ್ರವಾಸೋದ್ಯಮ ಕಚೇರಿಯ ಮುಖ್ಯಸ್ಥ ಸ್ಯಾಫ್ರಿಲ್‌ಗೆ ಬುಪಾತಿಯವರ ಹೆಂಡತಿ ನೆನಪಾದರು. ಬುಪಾತಿ ಎಂದರೆ ಇಡೀ ಜಿಲ್ಲೆಯೇ ತಲೆಬಾಗುವ ಅಧಿಕಾರಿ. ಅಲ್ಲಿ ಹೆಂಗಸರನ್ನು ಗೌರವದಿಂದ ಇಬು ಅಥವಾ ಬು, ಅಂದರೆ ಅಮ್ಮ, ಎನ್ನುತ್ತಾರೆ; ಅವರ ಹೆಂಡತಿ ಇಬು ರೊಸ್ಮಾವತಿಯ ಮುಂದೆ ಆ ಬುಪಾತಿಯೇ ತಲೆಬಾಗುತ್ತಿದ್ದರು.

ಆಳೆತ್ತರದ ಮೊಗ್ಗಿನ ಪಕ್ಕ ಚಪ್ಪರ ಎದ್ದಿತು. 'ಜಗತ್ತಿನ ಅತಿ ದೊಡ್ಡ ಹೂವು: ಇಬು ರೊಸ್ಮಾವತಿ' ಎಂಬ ಬ್ಯಾನರ್ ಏರಿತು. ಕೊಳೆತ ಹೆಣದಂತೆ ನಾರುವುದಕ್ಕೆ ಹೆಂಗಸಿನ ಹೆಸರೇ ಎಂದು ಕಚೇರಿಯಲ್ಲಿ ಯಾರೂ ಕೇಳಲಿಲ್ಲ. ಹಾಗೆ ಕೇಳುವವರೆಲ್ಲ ವರ್ಗವಾಗಿ ವರ್ಷಗಳೇ ಆಗಿದ್ದವು.

ಭಾಷಣಕ್ಕೆಂದು ಸ್ಯಾಫ್ರಿಲ್ ಸಸ್ಯಶಾಸ್ತ್ರದ ಪ್ರಾಧ್ಯಾಪಕಿ ಯುಸ್ಮನೇಲಿಯವರನ್ನು ಕರೆಸಿದ. ಅವರು ಬ್ಯಾನರ್ ಓದಿ ಕನ್ನಡಕ ತೆಗೆದರು.

"ಪಾಕ್ ಸ್ಯಾಫ್ರಿಲ್, ಇದು ಹೂವೇ ಅಲ್ಲ," ಎಂದರು. ಪಾಕ್ ಎಂದರೆ ಅಲ್ಲಿ ರಾಯರು ಎಂದಂತೆ.

"ಅಯ್ಯೋ ಬು, ಮತ್ತೇನು, ಹಲಸಿನಕಾಯಾ?"

"ಹೂಗೊಂಚಲು. ನೀವು ಎಸಳು ಅಂದ್ಕೊಂಡಿರೋದು ಒಂದು ಎಲೆ. ಮಧ್ಯದ ಕಂಬ ಬರೀ ದಿಂಡು. ನಿಜವಾದ ಹೂಗಳು ಒಳಗೆ, ಬುಡದಲ್ಲಿವೆ. ಉಗುರಿನಷ್ಟು, ನೂರಾರು. ಅವಕ್ಕೆ ಎಸಳೂ ಇಲ್ಲ. ಹೆಣ್ಣುಹೂಗಳು ಮೊದಲ ಸಂಜೆ ಸಿದ್ಧವಾಗ್ತವೆ, ಗಂಡುಹೂಗಳು ಮರುದಿನ ಪರಾಗ ಉದುರಿಸ್ತವೆ. ಒಂದೇ ಮನೆಯಲ್ಲಿ ಮದುವೆ ಆಗಬಾರದಲ್ಲ."

"ಇದನ್ನೆಲ್ಲ ಭಾಷಣದಲ್ಲಿ ಹೇಳ್ಬೇಡಿ ಬು, ನಿಮ್ಮ ಕಾಲಿಗೆ ಬೀಳ್ತೀನಿ. ದೊಡ್ಡದು, ಚೆಂದ ಇದೆ ಅನ್ನಿ, ಕೂತ್ಕೊಳ್ಳಿ."

ಬುಪಾತಿಯವರಿಗೆ ಬೇರೆ ಕೆಲಸ ಬಂತು, ಸಮಾರಂಭ ಮುಂದಕ್ಕೆ ಹೋಯಿತು. ಗಿಡಕ್ಕೆ ಯಾರೂ ಸುತ್ತೋಲೆ ಕಳಿಸಿರಲಿಲ್ಲ. ಅದು ತನ್ನ ಪಾಡಿಗೆ ಅರಳಿತು. ನಾತಕ್ಕೆ ಚಪ್ಪರದ ಕೆಲಸದವರು ಮೂಗು ಕಟ್ಟಿಕೊಂಡು ಓಡಿದರು. ಸ್ಯಾಫ್ರಿಲ್ ಗುಲಾಬಿ ಅತ್ತರು ತರಿಸಿ ತಾನೇ ಸಿಂಪಡಿಸಿದ. ಸತ್ತ ಇಲಿಗೆ ಮದುವಣಗಿತ್ತಿಯ ಅಲಂಕಾರ ಮಾಡಿದಂತಾಯಿತು. ನೊಣಗಳೇನೂ ಬೇಸರಪಡಲಿಲ್ಲ.

ಸಮಾರಂಭದ ಬೆಳಗ್ಗೆ ನೋಡಿದರೆ ಆ ದೊಡ್ಡ ಕೆಂಪು ಎಲೆ ಮುದುಡತೊಡಗಿತ್ತು. ಸ್ಯಾಫ್ರಿಲ್ ಕೆಲಸದವರನ್ನು ಮತ್ತೆ ಕರೆಸಿದ. ಸುತ್ತ ಬಿದಿರುಗೂಟ ಹೊಡೆಸಿ, ಎಲೆಯ ಅಂಚಿಗೆ ಹಗ್ಗ ಕಟ್ಟಿ ನಾಲ್ಕೂ ಕಡೆಯಿಂದ ಎಳೆಸಿದ.

ಬುಪಾತಿ ಬಂದರು. ಇಬು ರೊಸ್ಮಾವತಿ ಕರವಸ್ತ್ರವನ್ನು ಮೂಗಿಗೊತ್ತಿಕೊಂಡು ಮುಂದಿನ ಸಾಲಿನಲ್ಲಿ ಕುಳಿತರು. ತಟ್ಟೆಯಲ್ಲಿಟ್ಟ ಡುರಿಯನ್ ಹಣ್ಣಿನ ಹಲ್ವವನ್ನು ಯಾರೂ ಮುಟ್ಟಲಿಲ್ಲ. ಸ್ಯಾಫ್ರಿಲ್ ಮೈಕು ಹಿಡಿದು, "ನಡುವೆ ಎತ್ತರವಾಗಿ ನಿಂತಿದೆಯಲ್ಲ, ಅದು ನಮ್ಮ ಬುಪಾತಿಯವರು! ಸುತ್ತ ಅರಳಿರೋ ಚೆಲುವು, ಇಬು!" ಎಂದ.

ಚಪ್ಪಾಳೆ ಬೀಳುವ ಮೊದಲೇ ಚರ್ರ್ ಎಂದಿತು. ಹಗ್ಗದ ಎಳೆತಕ್ಕೆ ಎಲೆ ಮೇಲಿಂದ ಬುಡದವರೆಗೆ ಸೀಳಿತು.

ಯುಸ್ಮನೇಲಿ ಎದ್ದು ಬಂದು ಮೈಕು ಇಸಿದುಕೊಂಡರು.

"ಒಳ್ಳೇದೇ ಆಯ್ತು. ಈಗ ಹೂ ನೋಡಿ. ಕೆಳಗಿನ ಈ ಸಾಲು ಹೆಣ್ಣು, ಇದರ ಮೇಲಿನದು ಗಂಡು. ಕಾಯಿ ಕಟ್ಟೋ ಕೆಲಸ ಪೂರ್ತಿ ಇವುಗಳದ್ದೇ."

"ಹಾಗಾದ್ರೆ ನಡುವಿನ ಆ ಉದ್ದನೆಯದು?" ರೊಸ್ಮಾವತಿ ಕೇಳಿದರು.

"ಅದರ ಮೇಲ್ಭಾಗದಲ್ಲಿ ಒಂದು ಹೂವೂ ಇಲ್ಲ ಇಬು. ಸುಮ್ಮನೆ ಬಿಸಿಯಾಗಿ ನಾತ ಹರಡುತ್ತೆ, ಅಷ್ಟೇ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಸಾಲಿನಿಂದ ಸಾಲಿಗೆ ದಾಟಿತು. ಬುಪಾತಿಯವರ ಮುಖ ಕೆಂಪೇರಿತು. ಸ್ಯಾಫ್ರಿಲ್‌ಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆಗ ರೊಸ್ಮಾವತಿ ಕರವಸ್ತ್ರ ಸರಿಸಿ ಗಹಗಹಿಸಿ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಬರುವಷ್ಟು ನಕ್ಕರು. ಹೆಂಡತಿ ನಕ್ಕ ಮೇಲೆ ಗಂಡ ಸಿಟ್ಟಾಗುವುದು ಹೇಗೆ? ಬುಪಾತಿಯೂ ಹಲ್ಲು ಕಿರಿದರು.

"ಪಾಕ್ ಸ್ಯಾಫ್ರಿಲ್, ನನ್ನ ಹೆಸರು ಇಳಿಸಿ. ಅಷ್ಟು ಇಷ್ಟ ಆಗಿದ್ರೆ ನಿಮ್ಮ ಅತ್ತೆ ಹೆಸರು ಹಾಕ್ಕೊಳ್ಳಿ," ಎಂದರು ರೊಸ್ಮಾವತಿ, ಕಣ್ಣೊರೆಸಿಕೊಳ್ಳುತ್ತ.

ಅವನೇ ಏಣಿ ಹತ್ತಿ ಬ್ಯಾನರ್ ಬಿಚ್ಚಿದ.

ಬಡ್ತಿ ಬರಲಿಲ್ಲ, ವರ್ಗವೂ ಆಗಲಿಲ್ಲ. ಆದರೆ ಅಂದಿನಿಂದ ಸ್ಯಾಫ್ರಿಲ್ ಪಂಡಿತನಾದ. ಗುಡ್ಡಕ್ಕೆ ಬಂದವರು ಬಾಯಿತಪ್ಪಿ ಹೂವು ಎಂದರೆ ಸಾಕು, ಬೆರಳೆತ್ತಿ ಗದರುತ್ತಿದ್ದ. ಒಮ್ಮೆ ಕಾಫಿ ಅಂಗಡಿಯಲ್ಲಿ ಯುಸ್ಮನೇಲಿಯವರೇ ಸಿಕ್ಕರು.

"ಹೂವಲ್ಲ ಬು, ಹೂಗೊಂಚಲು! ಜನಕ್ಕೆ ಇಷ್ಟೂ ಗೊತ್ತಿಲ್ಲ ನೋಡಿ," ಎಂದ.

"ಹೌದಾ ಪಾಕ್?" ಎನ್ನುತ್ತ ಯುಸ್ಮನೇಲಿ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡರು.